ಹೋರಾಟದ ಹಾಡಿಗೆ ತಕ್ಕ ಸದ್ದು

ಕನ್ನಡದಲ್ಲಿ ಸಿಟ್ಟಿನ ಹಾಡಿಗೆ ಬರವಿಲ್ಲ, ಎಲೆಕ್ಟ್ರಿಕ್ ಗಿಟಾರಿಗೂ ಬರವಿಲ್ಲ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾದದ್ದು 1975ರಲ್ಲಿ. ಅಲ್ಲಿಂದಾಚೆಗೆ ದಲಿತ ಸಂಘರ್ಷ ಸಮಿತಿಯ ಮೆರವಣಿಗೆ ಎಂದರೆ ಹಾಡು ಮತ್ತು ತಮಟೆ ಎಂದೇ ಅರ್ಥ. ಇತ್ತ ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದವು. ಕ್ರಿಪ್ಟೋಸ್‌ನಂಥ ತಂಡ 1998ರಿಂದ ಇದೇ ಊರಿನಲ್ಲಿ ಹೆವಿ ಮೆಟಲ್ ನುಡಿಸುತ್ತಿದೆ, ಹಾಡುವುದು ಮಾತ್ರ ಇಂಗ್ಲಿಷಿನಲ್ಲಿ. ಈ ಸಿಟ್ಟೂ ಈ ಸದ್ದೂ ಒಂದೇ ಆಲ್ಬಮ್ಮಿನಲ್ಲಿ ಕೂಡಿ, ಕೇಳಿದವರು ಮರೆಯಲಾಗದಂತೆ ನಿಂತದ್ದು ತೀರಾ ಅಪರೂಪ. ಏಕೆ ಎಂದು ಕೇಳಿಕೊಳ್ಳುವ ಹೊತ್ತು ಬಂದಿದೆ.

ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಮುಂದಿರುವ ದೊಡ್ಡ ಉದಾಹರಣೆ ‘ರೇಜ್ ಅಗೇನ್ಸ್ಟ್ ದ ಮೆಷೀನ್’ ತಂಡದ ಅದೇ ಹೆಸರಿನ ಮೊದಲ ಆಲ್ಬಮ್. 1992ರ ನವೆಂಬರ್ 3ರಂದು ಬಿಡುಗಡೆಯಾದ ಅದರ ಮುಖಪುಟದಲ್ಲಿ, 1963ರಲ್ಲಿ ಸೈಗಾನಿನ ನಡುರಸ್ತೆಯಲ್ಲಿ ತನ್ನನ್ನೇ ಸುಟ್ಟುಕೊಂಡ ಬೌದ್ಧ ಭಿಕ್ಷು ಥಿಚ್ ಕ್ವಾಂಗ್ ಡುಕ್ ಉರಿಯ ನಡುವೆ ಅಲುಗಾಡದೆ ಕುಳಿತಿದ್ದಾನೆ. ಮಾಲ್ಕಮ್ ಬ್ರೌನ್ ತೆಗೆದ ಚಿತ್ರ ಅದು. ಆಲ್ಬಮ್ ಬಂದ ವರ್ಷದ ಏಪ್ರಿಲ್ ಕೊನೆಯಲ್ಲಿ, ಕಪ್ಪು ಜನಾಂಗದ ರಾಡ್ನಿ ಕಿಂಗ್‌ನನ್ನು ಬಡಿದ ಪೊಲೀಸರು ಖುಲಾಸೆಯಾದರೆಂದು ಲಾಸ್ ಏಂಜಲೀಸ್ ಹೊತ್ತಿ ಉರಿದಿತ್ತು. ಜ್ಯಾಕ್ ಡಿ ಲಾ ರೋಚಾ ರ‍್ಯಾಪ್ ಮಾಡುತ್ತಾನೆ. ಟಾಮ್ ಮೊರೆಲ್ಲೊ ಡಿಜೆ ತಟ್ಟೆ ಉಜ್ಜುವ ಸದ್ದನ್ನು ಗಿಟಾರಿನ ತಂತಿಯಲ್ಲೇ ಹೊರಡಿಸುತ್ತಾನೆ. ಸ್ಯಾಂಪಲ್, ಕೀಬೋರ್ಡ್, ಸಿಂಥಸೈಜರ್ ಯಾವುದನ್ನೂ ಬಳಸಿಲ್ಲವೆಂದು ತಂಡ ಆಲ್ಬಮ್ಮಿನ ಮೇಲೆಯೇ ಬರೆದುಕೊಂಡಿತು. ಅಲ್ಲಿ ಪದಗಳನ್ನು ಕಿತ್ತುಹಾಕಿದರೂ ವಾದ ಉಳಿಯುತ್ತದೆ. ಒಂದೇ ರಿಫ್ ಮತ್ತೆ ಮತ್ತೆ ಬಡಿದು, ಬಿಗಿದು, ಕೊನೆಗೆ ಒಡೆಯುವ ರೀತಿಯೇ ಪ್ರತಿಭಟನೆ.

ಆ ಗುಣ ನಮಗೆ ಹೊಸದಲ್ಲ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲದತ್ತ ಹೋಗುವ ರಸ್ತೆಯಲ್ಲಿರುವ ಸಂತೆಮರಹಳ್ಳಿಯ ಸುತ್ತಿನ ಸೀಮೆ ನೀಲಗಾರರ ಸೀಮೆ. ಮಂಟೇಸ್ವಾಮಿಯ ಒಕ್ಕಲಾದ, ಬಹುಪಾಲು ದಲಿತರೇ ಆದ ಈ ಗಾಯಕರು ರಾತ್ರಿಯಿಡೀ ಹಾಡುವ ಕಾವ್ಯದ ‘ಕಲ್ಯಾಣದ ಸಾಲಿ’ನಲ್ಲಿ ಗುರು ರೋಗ ಹತ್ತಿದ ಮೈಯಲ್ಲಿ ಶರಣರ ಕಲ್ಯಾಣಕ್ಕೆ ಹೋಗುತ್ತಾನೆ. ಸಮಾನತೆಯ ಮಾತಾಡುವ ಊರಿನ ಬಾಗಿಲಲ್ಲೇ ಅವನಿಗೆ ತಡೆ. ಹನ್ನೆರಡನೆಯ ಶತಮಾನದ ದೊಡ್ಡ ಕನಸನ್ನು ಕೆಳಗಿನಿಂದ ನೋಡಿ, ಅದು ಎಲ್ಲಿ ಮಾತು ತಪ್ಪಿತು ಎಂದು ಕೇಳುವ ಧೈರ್ಯ ಈ ಕಾವ್ಯಕ್ಕಿದೆ. ಮುಂದೆ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳ ಕಮ್ಮಾರರಲ್ಲಿ ಕಬ್ಬಿಣದ ಭಿಕ್ಷೆ ಕೇಳಲು ಹೋಗುತ್ತಾನೆ. ಉತ್ಪಾದನೆಯ ಸಾಧನ ಕೈಯಲ್ಲಿರುವವರಿಗೂ ಬರಿಗೈಯವನಿಗೂ ನಡೆಯುವ ಜಟಾಪಟಿಯನ್ನು ಅಷ್ಟು ವಿವರವಾಗಿ, ಅಷ್ಟು ಕಠೋರವಾಗಿ ಹೇಳಿದ ಕನ್ನಡ ಕೃತಿಗಳು ಹೆಚ್ಚಿಲ್ಲ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಕಾವ್ಯದಲ್ಲೂ ಇದೇ ಕಾವು. ದೇವತೆಗಳನ್ನೇ ಸೆರೆಯಲ್ಲಿಟ್ಟು ಊಳಿಗ ಮಾಡಿಸಿಕೊಳ್ಳುವ ಶ್ರವಣ ದೊರೆಯನ್ನು ಅವನು ಸಂಹರಿಸುವುದೇ ಅಲ್ಲಿನ ದೊಡ್ಡ ಘಟನೆ.

ಇನ್ನು ಸದ್ದು. ತಂಬೂರಿಯ ಬಿಡದ ಶ್ರುತಿ, ಗಗ್ಗರದ ಲೋಹದ ಗಡಸು, ಡಕ್ಕೆಯ ಪೆಟ್ಟು. ಮುಂದಾಳು ಕತೆಯನ್ನು ಮಾತಿನಲ್ಲೇ ಶುರು ಮಾಡುತ್ತಾನೆ. ಮಾತು ತಾಳಕ್ಕೆ ಬಿದ್ದು ವೇಗ ಪಡೆಯುತ್ತದೆ, ಹಿಮ್ಮೇಳದವರು ಸಾಲಿನ ತುದಿಯನ್ನು ಎತ್ತಿಕೊಳ್ಳುತ್ತಾರೆ, ಹಾಡು ಏರುತ್ತದೆ, ಮತ್ತೆ ಮಾತಿಗೆ ಇಳಿಯುತ್ತದೆ. ಹಿಪ್-ಹಾಪ್ ಕೇಳಿ ಬೆಳೆದ ಹುಡುಗರಿಗೆ ಇದರಲ್ಲಿ ಯಾವುದನ್ನೂ ವಿವರಿಸಬೇಕಾಗಿಲ್ಲ.

ಹಾಗಿದ್ದೂ ಕನ್ನಡದ ರಾಕ್ ಇಲ್ಲಿಂದ ಒಯ್ದದ್ದು ಏನು? ರಘು ದೀಕ್ಷಿತರ ‘ಅಂತರಾಗ್ನಿ’ 2008ರಲ್ಲಿ ಬಂದಾಗ ಶಿಶುನಾಳ ಶರೀಫರ ‘ಗುಡುಗುಡಿಯಾ ಸೇದಿ ನೋಡೋ’ ಗಿಟಾರಿನ ಜೊತೆ ಕಾಲೇಜುಗಳಿಗೆ ಹೋಯಿತು. ಅದು ಸಣ್ಣ ಸಾಧನೆಯಲ್ಲ. ಕನ್ನಡದಲ್ಲಿ ಹಾಡಿದರೆ ರಾಕ್ ಆಗದು ಎಂಬ ಬೆಂಗಳೂರಿನ ಅಂಜಿಕೆಯನ್ನು ಅದು ಮುರಿಯಿತು. ವಾಸು ದೀಕ್ಷಿತರ ‘ಸ್ವರಾತ್ಮ’ 2012ರ ‘ಟೋಪಿವಾಲೆ’ಯಲ್ಲಿ ರಾಜಕಾರಣಿಗಳನ್ನು ನೇರವಾಗಿ ಕೆಣಕಿತು. ಆದರೆ ಈ ಜಾನಪದ ರಾಕ್ ಒಟ್ಟಾರೆ ಆರಿಸಿಕೊಂಡದ್ದು ತತ್ವಪದವನ್ನು, ಒಗಟನ್ನು, ಕುಣಿಸುವ ಲಯವನ್ನು. ಸಿನಿಮಾದ ಕತೆಯೂ ಬೇರೆಯಲ್ಲ. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಹಾಡಿದ ‘ಕೋಲುಮಂಡೆ ಜಂಗಮದೇವರು’ ಮಾದಪ್ಪನ ಪರಂಪರೆಯನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿತು. ಆದರೆ ಮುಟ್ಟಿದ್ದು ಭಕ್ತಿ ಮತ್ತು ಮಟ್ಟು. ಶ್ರವಣನ ಊಳಿಗದ ಸಾಲು ಬೆಟ್ಟದಲ್ಲೇ ಉಳಿಯಿತು. ಜಗಳವನ್ನು ಬಿಟ್ಟು ರಾಗವನ್ನಷ್ಟೇ ತಂದದ್ದು ಈ ಪಂಥದ ದೊಡ್ಡ ಕೊರತೆ.

ಹೋರಾಟದ ಹಾಡುಗಳದು ಇದಕ್ಕೆ ತಿರುಗುಮುರುಗಾದ ಸಮಸ್ಯೆ. 1973ರ ಬೂಸಾ ಗಲಾಟೆಯ ಬಿಸಿಯಲ್ಲಿ ಹುಟ್ಟಿದ ಚಳವಳಿಗೆ, 1975ರಲ್ಲಿ ಶುರುವಾದ ‘ಸಮುದಾಯ’ ರಂಗತಂಡದ ಜಾಥಾಗಳಿಗೆ ಬೇಕಾಗಿದ್ದದ್ದು ಒಮ್ಮೆ ಕೇಳಿದರೆ ಸಾವಿರ ಜನ ಎತ್ತಿಕೊಳ್ಳಬಲ್ಲ ಹಾಡು. ಮೈಸೂರಿನ ಜನಾರ್ದನ್, ಅಂದರೆ ಎಲ್ಲರ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಅಂಥವರ ಕಂಠದಲ್ಲಿ ಆ ಹಾಡುಗಳು ಊರೂರು ಸುತ್ತಿದವು. ಓದು ಬಾರದ ಕೇರಿಗೆ ಸಂವಿಧಾನದ ಮಾತನ್ನು ತಲುಪಿಸಿದ್ದರಲ್ಲಿ ಪುಸ್ತಕಕ್ಕಿಂತ ಈ ಹಾಡುಗಳ ಪಾಲು ದೊಡ್ಡದು. ಅವುಗಳ ಋಣ ತೀರಿಸಲಾಗದ್ದು. ಆದರೂ ಒಂದು ಮಾತನ್ನು ಹೇಳಲೇಬೇಕು: ಅಲ್ಲಿ ಸಂಗೀತಕ್ಕೆ ಸಾಹಿತ್ಯವನ್ನು ಹೊತ್ತು ನಡೆಯುವ ಕೆಲಸವಷ್ಟೇ ಸಿಕ್ಕಿತು. ಗೊತ್ತಿರುವ ಮಟ್ಟೊಂದಕ್ಕೆ ಹೊಸ ಪದ ಕೂಡಿಸಿದರೆ ಸಾಕಾಗುತ್ತಿತ್ತು. ಬೀದಿಯಲ್ಲಿ ತಮಟೆ ಮತ್ತು ಜನರ ಕೊರಳು ಸೇರಿ ಅದನ್ನು ತುಂಬಿಕೊಡುತ್ತಿದ್ದವು. ಅದೇ ಹಾಡನ್ನು ಧ್ವನಿಮುದ್ರಿಕೆಯಲ್ಲಿ, ಹಾರ್ಮೋನಿಯಂ ಮತ್ತು ಅಗ್ಗದ ಕೀಬೋರ್ಡಿನ ಜೊತೆ ಕೇಳಿದಾಗ ಸಿಟ್ಟು ತಣ್ಣಗಾಗಿರುತ್ತದೆ. ಕೆ.ಪಿ. ಲಕ್ಷ್ಮಣ್ ಅವರ ಜಂಗಮ ಕಲೆಕ್ಟಿವ್ ‘ಪಂಚಮ ಪದ’ ನಾಟಕದಲ್ಲಿ ಚಳವಳಿಯ ಚರಿತ್ರೆಯನ್ನು ಅದರ ಹಾಡುಗಳ ಮೂಲಕವೇ ಕಟ್ಟಿದಾಗ, ಹಾಡುವ ಮೈಗಳು ಎದುರಿಗಿದ್ದುದರಿಂದ ಆ ಬಿಸಿ ಮರಳಿ ಬಂತು. ರಂಗಭೂಮಿಗೆ ಹೊಳೆದದ್ದು ಸ್ಟುಡಿಯೋಗೆ ಇನ್ನೂ ಹೊಳೆಯಬೇಕು.

ಕನ್ನಡ ರ‍್ಯಾಪ್? 2016ರ ಚಂದನ್ ಶೆಟ್ಟಿಯವರ ‘3 ಪೆಗ್’ ತೆರೆದ ದಾರಿ ಪಾರ್ಟಿಯದು, ಮಾರುಕಟ್ಟೆ ಆ ಕಡೆಗೇ ಹರಿಯಿತು. ಎಂಸಿ ಬಿಜ್ಜು, ರಾಹುಲ್ ಡಿಟ್ಟೊ, ಗುಬ್ಬಿ ಅಂಥವರು ಬೀದಿಯ ಕನ್ನಡವನ್ನು ಬೀಟಿಗೆ ಕೂರಿಸಿದ ಕೌಶಲ ನಿಜವಾದದ್ದು. ಅದಕ್ಕೆ ಚಳವಳಿಯ ನೆನಪು ಜೊತೆಯಾಗಬೇಕಿದೆ.

ಗಡಿಯಾಚೆ ಅದು ಆಗಿದೆ. ಚಾಮರಾಜನಗರದಿಂದ ದಿಂಬಂ ಘಾಟಿಯ ಕಡೆಗೆ ಹೊರಟರೆ ತಮಿಳುನಾಡು. ಅಲ್ಲಿ 2018ರ ಜನವರಿಯಲ್ಲಿ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ‘ದ ಕಾಸ್ಟ್‌ಲೆಸ್ ಕಲೆಕ್ಟಿವ್’ ತಂಡವನ್ನು ಚೆನ್ನೈನ ವೇದಿಕೆಗೆ ತಂದರು. ಉತ್ತರ ಚೆನ್ನೈನ ಗಾನಾ ಹಾಡು, ಅರಿವು ಅವರ ರ‍್ಯಾಪ್, ರಾಕ್ ಗಿಟಾರು, ಸಾವಿನ ಮನೆಯ ವಾದ್ಯವೆಂದು ದೂರವಿಟ್ಟಿದ್ದ ಪರೈ ಎಲ್ಲವೂ ಒಂದೇ ಸಾಲಿನಲ್ಲಿ ನಿಂತವು. ಮೀಸಲಾತಿಯ ಬಗ್ಗೆ, ಬೀಫಿನ ಬಗ್ಗೆ ಸುತ್ತಿಬಳಸದೆ ಹಾಡಿದರು. ತಂಡದ ಹೆಸರಿಗೆ ಮೂಲ, ಹತ್ತೊಂಬತ್ತನೆಯ ಶತಮಾನದ ಚಿಂತಕ ಅಯೋತಿ ದಾಸರ ಜಾತಿಯಿಲ್ಲದ ತಮಿಳರೆಂಬ ಕಲ್ಪನೆ. ಮಂಟೇಸ್ವಾಮಿಯ ನಾಡಿಗೆ ಇಂಥ ಮೂಲಕ್ಕೆ ಕೊರತೆಯಿದೆಯೇ?

ವಸ್ತುವಿಗಂತೂ ಇಲ್ಲ. ಮೀಸಲು ಕ್ಷೇತ್ರವಾಗಿದ್ದ ಸಂತೆಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಒಬ್ಬ ಕೂಲಿಯಾಳಿನ ಬೆರಳ ಶಾಯಿಗೆ ಅಷ್ಟು ತೂಕವಿದೆಯೆಂದು ತೋರಿಸಿದ ಆ ಕ್ಷೇತ್ರವೇ 2008ರ ಮರುವಿಂಗಡಣೆಯಲ್ಲಿ ನಕ್ಷೆಯಿಂದ ಹೋಯಿತು. 2021ರ ಮೇ ಮೊದಲ ವಾರ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ಸಿಲಿಂಡರಿಗಾಗಿ ಕಾದ ಆ ರಾತ್ರಿಯನ್ನು ಹೇಳಲು ಸಾವಧಾನದ ಮಟ್ಟು ಸಾಲದು. ಉಸಿರು ಕಟ್ಟುವಷ್ಟು ಬಿಗಿಯಾದ ರಿಫ್ ಬೇಕು, ನೀಲಗಾರರ ಮಾತಿನ ವೇಗ ಬೇಕು.

ಅಂಥ ಆಲ್ಬಮ್ ಮಾಡಹೊರಡುವವರು ಒಂದು ಲೆಕ್ಕವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. 2021ರಲ್ಲಿ ತಮಿಳಿನ ‘ಎಂಜಾಯ್ ಎಂಜಾಮಿ’ ಜಗತ್ತಿಡೀ ಕೇಳಿದ ಹಾಡಾದಾಗ, ಅಜ್ಜಿ ವಳ್ಳಿಯಮ್ಮಾಳ್‌ರ ಬದುಕಿನಿಂದ ಪದ ಕಟ್ಟಿದ ಅರಿವು ಅವರನ್ನೇ ಪತ್ರಿಕೆಯೊಂದು ಮುಖಪುಟದಿಂದ ಬಿಟ್ಟಿತ್ತು. ಹಾಡಿನ ಶ್ರೇಯ ಯಾರದೆಂಬ ಜಗಳ ಬಹಿರಂಗವಾಗಿಯೇ ನಡೆಯಿತು. ಇಲ್ಲಿ ನೀಲಗಾರರ ದನಿಯನ್ನು ಎರಡು ನಿಮಿಷ ಮುದ್ರಿಸಿಕೊಂಡು, ಮೇಲೆ ಡಿಸ್ಟಾರ್ಷನ್ ಹೊದಿಸಿ, ‘ಸಾಂಪ್ರದಾಯಿಕ’ ಎಂದು ಬರೆದು ಮುಗಿಸುವುದು ಸುಲಭ. ಮುಂದಾಳು ರೆಕಾರ್ಡಿಂಗ್ ಮೇಜಿನ ಮುಂದೆ ಕೂರಬೇಕು, ಯಾವ ಸಾಲು ಎಲ್ಲಿ ತುಂಡಾಗಬೇಕೆಂದು ಅವನೇ ಹೇಳಬೇಕು. ಸಂಯೋಜಕರ ಪಟ್ಟಿಯಲ್ಲಿ ಅವನ ಹೆಸರು, ಅವನ ಊರು ಇರಬೇಕು, ರಾಯಲ್ಟಿ ಅವನ ಖಾತೆಗೆ ಬರಬೇಕು.