ಶಿಬಿರ, ಹಾಡು ಮತ್ತು ಬಿಲ್ಲಿ ಗ್ರಹಾಂ ಅವರ ರೇಡಿಯೊ ದನಿ

ಅಮೆರಿಕದ ಕ್ರೈಸ್ತ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಬಗ್ಗೆ ಬರೆದವರು ಒಂದು ಪ್ರಸಂಗವನ್ನು ಬಿಡುವುದೇ ಇಲ್ಲ. 1949ರ ಆಗಸ್ಟ್ ತಿಂಗಳು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳಲ್ಲಿರುವ ಫಾರೆಸ್ಟ್ ಹೋಮ್ ಶಿಬಿರದಲ್ಲಿ ಕಾಲೇಜು ಹುಡುಗ ಹುಡುಗಿಯರ ಸಮಾವೇಶ ನಡೆದಿತ್ತು. ಮಾತಾಡಲು ಬಂದಿದ್ದ ಮೂವತ್ತು ವರ್ಷದ ಗ್ರಹಾಂ ಒಂದು ರಾತ್ರಿ ಒಬ್ಬರೇ ಕಾಡಿನ ಕಡೆ ನಡೆದರು. ಕಡಿದ ಮರದ ಬೊಡ್ಡೆಯ ಮೇಲೆ ಬೈಬಲ್ ಇಟ್ಟು, ಇದರಲ್ಲಿ ತಿಳಿಯದ್ದು ಎಷ್ಟೇ ಇದ್ದರೂ ಇದನ್ನು ದೇವರ ಮಾತೆಂದೇ ನಂಬುತ್ತೇನೆ ಎಂದು ಪ್ರಾರ್ಥಿಸಿದರು. ಮರುತಿಂಗಳು ಲಾಸ್ ಏಂಜಲಿಸ್‌ನಲ್ಲಿ ಡೇರೆ ಹಾಕಿ ಆರಂಭಿಸಿದ ಸಭೆಗಳು ಎಂಟು ವಾರ ನಡೆದು ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 1950ರ ನವೆಂಬರ್ 5ರಂದು ಎಬಿಸಿ ಜಾಲದಲ್ಲಿ ಅವರ ರೇಡಿಯೊ ಕಾರ್ಯಕ್ರಮ ‘ಅವರ್ ಆಫ್ ಡಿಸಿಷನ್’ ಶುರುವಾಯಿತು.

ಈ ಕಥೆ ಸುಳ್ಳಲ್ಲ. ಆದರೆ ಇದನ್ನು ಹೇಳುವ ರೀತಿಯ ಬಗ್ಗೆ ನನ್ನ ತಕರಾರಿದೆ. ಎಲ್ಲವನ್ನೂ ಆ ಒಂದು ರಾತ್ರಿಯ ಲೆಕ್ಕಕ್ಕೆ ಬರೆದುಬಿಟ್ಟರೆ, ಅದಕ್ಕೂ ಐದು ವರ್ಷ ಮುಂಚಿನಿಂದ ಹಾಡುಗಾರರ ಒಡನಾಟದಲ್ಲಿ ಆ ನಂಬಿಕೆ ಹದಗೊಳ್ಳುತ್ತಿದ್ದದ್ದು ಮರೆಗೆ ಸರಿಯುತ್ತದೆ.

ಗ್ರಹಾಂ ಮೈಕಿನ ಮುಂದೆ ನೆಲೆಯಾಗಿ ನಿಂತದ್ದು 1944ರಲ್ಲಿ, ಶಿಕಾಗೊ ಪಕ್ಕದ ವೆಸ್ಟರ್ನ್ ಸ್ಪ್ರಿಂಗ್ಸ್ ಎಂಬ ಊರಿನ ಚಿಕ್ಕ ಚರ್ಚಿಗೆ ಪಾಸ್ಟರ್ ಆಗಿದ್ದಾಗ. ಟಾರಿ ಜಾನ್ಸನ್ ನಡೆಸುತ್ತಿದ್ದ ‘ಸಾಂಗ್ಸ್ ಇನ್ ದ ನೈಟ್’ ಕಾರ್ಯಕ್ರಮ ಅವರ ಕೈಗೆ ಬಂತು. ಭಾನುವಾರ ರಾತ್ರಿ ಚರ್ಚಿನ ನೆಲಮಾಳಿಗೆಯಿಂದ ಪ್ರಸಾರ. ಹಾಡು, ನಡುವೆ ಮಾತು. ಗ್ರಹಾಂ ಅವರಿಗೋ ಶ್ರುತಿ ಹಿಡಿದು ಹಾಡಲು ಬಾರದು. ಹಾಗಾಗಿ ಅವರು ಮೂಡಿ ಬೈಬಲ್ ಸಂಸ್ಥೆಯ ಡಬ್ಲ್ಯುಎಂಬಿಐ ರೇಡಿಯೊ ಕೇಂದ್ರಕ್ಕೆ ಹೋಗಿ, ಬಂದು ಹಾಡುವಂತೆ ಗಾಯಕ ಜಾರ್ಜ್ ಬೆವರ್ಲಿ ಶೇ ಅವರನ್ನು ಕೇಳಿಕೊಂಡರು. ಆಗಲೇ ರೇಡಿಯೊದಲ್ಲಿ ಹೆಸರು ಮಾಡಿದ್ದ ಶೇ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಆ ತರುಣನ ಕೋರಿಕೆಗೆ ಒಪ್ಪಿದರು.

ಇಲ್ಲಿ ಗ್ರಹಾಂ ಕಲಿತದ್ದು ಏನೆಂದು ಯೋಚಿಸಬೇಕು. ವೇದಿಕೆಯ ಮೇಲಿನ ಭಾಷಣಕಾರ ತನ್ನ ದನಿಯನ್ನೇ ನೆಚ್ಚಿರುತ್ತಾನೆ. ಎರಡು ಹಾಡುಗಳ ನಡುವೆ ಮಾತಾಡಬೇಕಾದವನಿಗೆ ಆ ಸ್ವಾತಂತ್ರ್ಯ ಇಲ್ಲ. ಕೇಳುವವರು ಕಣ್ಣಿಗೆ ಬೀಳುವುದಿಲ್ಲ. ಭಾನುವಾರ ರಾತ್ರಿ, ಮಲಗುವ ಹೊತ್ತು. ಶೇ ಅವರ ತಗ್ಗಿದ, ಅವಸರವಿಲ್ಲದ ದನಿ ಆಗಲೇ ಕೇಳುಗರ ಮನಸ್ಸನ್ನು ಒಂದು ನೆಲೆಗೆ ತಂದಿರುತ್ತದೆ. ಮಾತು ಅದನ್ನು ಕೆಡಿಸದಂತೆ ಬರಬೇಕು. ವಾರ ವಾರ ಹೀಗೆ ಹಾಡಿಗೆ ಮಣಿದು ಮಾತಾಡಿದವರ ಶ್ರದ್ಧೆಗೆ ಒಂದು ವಿನಯ ಬರುತ್ತದೆ ಎಂದೇ ನನ್ನ ಅಭಿಪ್ರಾಯ.

1945ರಲ್ಲಿ ಉತ್ತರ ಕ್ಯಾರೊಲಿನಾದ ಆಶ್‌ವಿಲ್ ಬಳಿ ಗ್ರಹಾಂ ಮಾತಾಡಬೇಕಿದ್ದ ಬೇಸಿಗೆಯ ಸಮಾವೇಶವೊಂದರಲ್ಲಿ ಹಾಡಿಸುವವರು ಇಲ್ಲದೆ ತೊಂದರೆಯಾಯಿತು. ಆಗಷ್ಟೇ ಮದುವೆಯಾಗಿ ಅಲ್ಲಿಗೆ ಬಂದಿದ್ದ ಕ್ಲಿಫ್ ಬ್ಯಾರೋಸ್ ಮತ್ತು ಬಿಲ್ಲಿ ಎಂಬ ದಂಪತಿ ಆ ಕೆಲಸ ವಹಿಸಿಕೊಂಡರು. ಗ್ರಹಾಂ ಮತ್ತು ಬ್ಯಾರೋಸ್ ಜೋಡಿ ಕೂಡಿದ್ದು ಹೀಗೆ. ಮುಂದೆ ಬ್ಯಾರೋಸ್ ಸಭೆಗಳ ಗಾಯನವೃಂದ ನಡೆಸಿದ್ದಷ್ಟೇ ಅಲ್ಲ, ರೇಡಿಯೊ ಕಾರ್ಯಕ್ರಮವನ್ನೂ ದಶಕಗಳ ಕಾಲ ಕಟ್ಟಿಕೊಟ್ಟರು.

‘ಅವರ್ ಆಫ್ ಡಿಸಿಷನ್’ ಅರ್ಧ ಗಂಟೆಯ ಕಾರ್ಯಕ್ರಮವಾಗಿತ್ತು. ಗಾಯನವೃಂದ, ಬ್ಯಾರೋಸ್ ಅವರ ಸ್ವಾಗತ, ಸಹೋದ್ಯೋಗಿ ಗ್ರೇಡಿ ವಿಲ್ಸನ್ ಅವರಿಂದ ಬೈಬಲ್ ವಾಚನ, ಶೇ ಅವರ ಹಾಡು, ಆಮೇಲೆ ಗ್ರಹಾಂ. ಆರಂಭದ ವರ್ಷಗಳಲ್ಲಿ ಅವರದು ಸುದ್ದಿ ವಾಚಕ ವಾಲ್ಟರ್ ವಿಂಚೆಲ್ ಅವರ ಧಾಟಿ: ಒಂದೇ ಉಸಿರಿಗೆ ಪತ್ರಿಕೆಯ ಶಿರೋನಾಮೆಗಳು, ರಷ್ಯಾದ ಅಣುಬಾಂಬು, ಕೊರಿಯಾ ಯುದ್ಧ, ಕಮ್ಯುನಿಸಂ, ಕೊನೆಗೆ ಈಗಲೇ ನಿರ್ಧರಿಸಿ ಎಂಬ ಕರೆ. ‘ಬೈಬಲ್ ಹೇಳುತ್ತದೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಫಾರೆಸ್ಟ್ ಹೋಮ್ ಕೊಟ್ಟದ್ದು ಈ ಖಚಿತತೆಯನ್ನು. ಅದರ ಬಲವನ್ನು ಅಲ್ಲಗಳೆಯಲಾರೆ. ಆದರೂ ಆ ಕಾಲದ ಭಯವನ್ನೇ ಭಕ್ತಿಗೆ ಇಂಧನ ಮಾಡಿಕೊಂಡ ಆ ಭಾಷಣಗಳು ಇವತ್ತಿಗೆ ಹಳತಾಗಿವೆ. ಶೇ ಅವರ ಹಾಡುಗಳು ಹಳತಾಗಿಲ್ಲ.

ಫಾರೆಸ್ಟ್ ಹೋಮ್‌ನಲ್ಲಿ ಆ ಬೇಸಿಗೆ ಇನ್ನೊಬ್ಬರಿದ್ದರು, ಚಾರ್ಲ್ಸ್ ಟೆಂಪಲ್ಟನ್. ಟೊರೊಂಟೊದವರು, ‘ಯೂತ್ ಫಾರ್ ಕ್ರೈಸ್ಟ್’ ಚಳವಳಿಯಲ್ಲಿ ಗ್ರಹಾಂಗೆ ಸರಿಸಾಟಿಯಾದ ಮಾತುಗಾರರು. 1946ರಲ್ಲಿ ಇಬ್ಬರೂ ಜೊತೆಯಾಗಿ ಯುರೋಪ್ ಸುತ್ತಿದ್ದರು. ಪ್ರಿನ್ಸ್‌ಟನ್‌ನಲ್ಲಿ ದೇವತಾಶಾಸ್ತ್ರ ಓದಲು ಹೋದ ಟೆಂಪಲ್ಟನ್, ಸೃಷ್ಟಿಯ ಕಥೆಯನ್ನು ಅಕ್ಷರಶಃ ನಂಬುವುದು ಹೇಗೆ ಎಂದು ಗೆಳೆಯನನ್ನು ಕೇಳತೊಡಗಿದ್ದರು. ಮರದ ಬೊಡ್ಡೆಯ ಮುಂದಿನ ಪ್ರಾರ್ಥನೆಯ ಹಿಂದೆ ಇದ್ದದ್ದು ಈ ಪ್ರಶ್ನೆಗಳೇ. ಟೆಂಪಲ್ಟನ್ ನಂಬಿಕೆ ತೊರೆದು ಕೆನಡಾದಲ್ಲಿ ಪತ್ರಕರ್ತರಾಗಿ, ಪ್ರಸಾರಕರಾಗಿ ಹೆಸರಾದರು. ಲೇಖಕ ಪಿಯರ್ ಬರ್ಟನ್ ಜೊತೆ ರೇಡಿಯೊದಲ್ಲಿ ವರ್ಷಗಟ್ಟಲೆ ಸಂವಾದ ನಡೆಸಿದರು. ಒಂದೇ ಶಿಬಿರ, ಒಂದೇ ವಯಸ್ಸಿನ ಆಸುಪಾಸಿನ ಇಬ್ಬರು, ಇಬ್ಬರಿಗೂ ಮೈಕು ಒಲಿದಿತ್ತು.

ಯುವ ಶಿಬಿರಗಳ ಪದ್ಧತಿಯ ದೊಡ್ಡ ಕೊರತೆ ಇಲ್ಲಿ ಕಾಣುತ್ತದೆ. ಊರಿನಿಂದ ದೂರದ ಬೆಟ್ಟ, ರಾತ್ರಿಯ ಬೆಂಕಿ, ಸುತ್ತ ಕೂತು ಹಾಡುವ ಗೆಳೆಯರು, ಕೊನೆಯ ದಿನದೊಳಗೆ ಏನಾದರೂ ನಿರ್ಧರಿಸಬೇಕೆಂಬ ಒತ್ತಡ. ಅಲ್ಲಿ ಸಂಶಯ ಎಂದರೆ ದಾಟಿಹೋಗಬೇಕಾದ ಅಡ್ಡಿ. ಉತ್ತರ ಹುಡುಕಲು ಅಲ್ಲಿ ಪುರುಸೊತ್ತಿಲ್ಲ. ಫಾರೆಸ್ಟ್ ಹೋಮ್ ಸ್ಥಾಪಿಸಿದ ಹೆನ್ರಿಯೆಟಾ ಮಿಯರ್ಸ್ ಮೂಲತಃ ಶಿಕ್ಷಕಿ, ಭಾನುವಾರದ ಶಾಲೆಗೆಂದು ಪಾಠಗಳನ್ನೇ ಬರೆದವರು. ಬರೀ ಭಾವಾವೇಶದ ಶಿಬಿರ ಅವರದಲ್ಲ ಎಂಬುದನ್ನೂ ಹೇಳಬೇಕು. ಅಂಥವರಿದ್ದ ಕಡೆಯೂ ಟೆಂಪಲ್ಟನ್ ಅವರ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಹಾಡಿಗೆ ಈ ಅವಸರವಿಲ್ಲ. ಅರ್ಧ ನಂಬಿದವರೂ ಪಲ್ಲವಿಗೆ ದನಿ ಸೇರಿಸಬಹುದು. ಆದರೆ ಹಾಡನ್ನು ಒತ್ತಡದ ಸಾಧನ ಮಾಡಿಕೊಂಡದ್ದೂ ಇದೇ ಸಭೆಗಳಲ್ಲಿ: ಜನ ಎದ್ದು ಮುಂದೆ ಬರುವ ತನಕ ಗಾಯನವೃಂದ ‘ಜಸ್ಟ್ ಆ್ಯಸ್ ಐ ಆ್ಯಮ್’ ಸ್ತೋತ್ರವನ್ನು ಮೆಲ್ಲಗೆ ಹಾಡುತ್ತಲೇ ಇರುತ್ತಿತ್ತು. ಶೇ ಒಬ್ಬರೇ ನಿಂತು ಹಾಡುವಾಗ ಕೇಳುಗರಿಗೆ ಸಿಗುವ ಬಿಡುವು ಅಲ್ಲಿಲ್ಲ. ಸಂಗೀತವಾಗಿ ನಾನು ಎತ್ತಿಹಿಡಿಯುವುದು ಶೇ ಅವರ ಹಾಡನ್ನು.

ಟೆಂಪಲ್ಟನ್ 1996ರಲ್ಲಿ ‘ಫೇರ್‌ವೆಲ್ ಟು ಗಾಡ್’ ಬರೆದರು. ಗ್ರಹಾಂ ಅವರ ಆತ್ಮಕಥೆ ಮರುವರ್ಷ ಬಂತು. ಅದಕ್ಕೆ ಅವರು ಕೊಟ್ಟ ಹೆಸರು ಅದೇ ಸ್ತೋತ್ರದ್ದು. ಯುವ ಶಿಬಿರ ನಡೆಸುವವರು ಈ ಎರಡನ್ನೂ ಒಟ್ಟಿಗೆ ಓದಬೇಕು, ಟೆಂಪಲ್ಟನ್ ಅವರದನ್ನು ಮೊದಲು.