ಒತ್ತೆ ಇಟ್ಟವರಿಗಿಲ್ಲದ ರಕ್ಷಣೆ

ದಿವಾಳಿಯಾದವನಿಂದ ಏನನ್ನೆಲ್ಲ ಕಸಿದುಕೊಳ್ಳಬಾರದು ಎಂಬುದಕ್ಕೆ ನಮ್ಮ ಕಾನೂನಿನಲ್ಲಿ ನೂರು ವರ್ಷಕ್ಕೂ ಹಳೆಯ ಪಟ್ಟಿಯೊಂದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಹತ್ಯಾರು, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ, ಅವನಿರುವ ಮನೆ, ಧಾರ್ಮಿಕ ರೂಢಿಯ ಪ್ರಕಾರ ಹೆಣ್ಣು ಕಳಚಿಕೊಡಲಾಗದ ಒಡವೆ ಇವನ್ನು ಜಪ್ತಿಯಿಂದ ಹೊರಗಿಟ್ಟಿತು. 1920ರ ಪ್ರಾಂತೀಯ ದಿವಾಳಿ ಕಾಯ್ದೆ ಅದೇ ಪಟ್ಟಿಯನ್ನು ಒಪ್ಪಿಕೊಂಡಿತು. 2016ರ ದಿವಾಳಿ ಸಂಹಿತೆಯ 79ನೇ ಸೆಕ್ಷನ್ ಅದನ್ನು ಹೊಸದಾಗಿ ಬರೆಯಿತು. ಮೇಲುನೋಟಕ್ಕೆ ಹೊಸ ಪಟ್ಟಿ ಧಾರಾಳವಾಗಿಯೇ ಇದೆ. ಕಸುಬಿಗೆ ಬೇಕಾದ ವಾಹನ ಸೇರಿತು, ಪಿಂಚಣಿ ಯೋಜನೆ ಸೇರಿತು, ರೈತನೂ ಕೂಲಿಯವನೂ ಅಲ್ಲದವನ ವಾಸದ ಮನೆಯೂ ಸೇರಿತು. ಆದರೆ ಅಲ್ಲಿರುವ ಐದು ಬಾಬುಗಳಿಗೂ ಒಂದೇ ಷರತ್ತು: ಆ ವಸ್ತುವಿನ ಮೇಲೆ ಯಾವ ಋಣಭಾರವೂ ಇರಕೂಡದು. ಸಾಲಗಾರನ ಆಸ್ತಿಯನ್ನು ಕಾಯುವ ಈ ಏರ್ಪಾಡು ಕಾಯಬೇಕಾದವರನ್ನೇ ಕೈಬಿಡುವುದು ಆ ಷರತ್ತಿನಿಂದ ಎಂಬುದು ನನ್ನ ವಾದ.

ಮನುಷ್ಯ ದಿವಾಳಿಯ ಹೊಸ್ತಿಲಿಗೆ ಬರುವುದು ಹೇಗೆ ಎಂದು ನೋಡಿದರೆ ಇದು ತಿಳಿಯುತ್ತದೆ. ವ್ಯಾಪಾರ ಕುಸಿದವನು ಮೊದಲು ಬಂಗಾರ ಅಡವಿಡುತ್ತಾನೆ, ಆಮೇಲೆ ಮನೆ ಪತ್ರ. ಗಾಡಿಯಂತೂ ಕೊಂಡ ದಿನದಿಂದಲೇ ಫೈನಾನ್ಸಿನವರ ಹೆಸರಿನಲ್ಲಿರುತ್ತದೆ. ಮಾನ ಉಳಿಸಿಕೊಳ್ಳಲು ಇದ್ದಬದ್ದದ್ದನ್ನೆಲ್ಲ ಒತ್ತೆಯಿಟ್ಟು, ಇನ್ನೇನೂ ಉಳಿಯದಿದ್ದಾಗಲೇ ಅವನು ಕೋರ್ಟಿನ ಮೆಟ್ಟಿಲು ಹತ್ತುವುದು. ಅಷ್ಟು ಹೊತ್ತಿಗೆ ಪಟ್ಟಿಯಲ್ಲಿರುವ ವಸ್ತುಗಳಲ್ಲಿ ಋಣವಿಲ್ಲದ್ದು ಪಾತ್ರೆಪಡಗ ಬಿಟ್ಟರೆ ಬೇರೆ ಇರುವುದು ಅಪರೂಪ. ಸಂಹಿತೆಯ ಈ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಅವರಲ್ಲಿ ನೂರಾರು ಕೋಟಿಯ ಉದ್ಯಮಿಗಳೂ ಇದ್ದಾರೆ, ಪೀಣ್ಯದಂಥ ಕಡೆ ಸಣ್ಣ ಕಾರ್ಖಾನೆಯನ್ನು ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರೂ ಇದ್ದಾರೆ. ಸಣ್ಣವನಿಂದ ಬ್ಯಾಂಕು ಬರೀ ಸಹಿ ಪಡೆದು ಸುಮ್ಮನಾಗುವುದು ಕಡಿಮೆ, ಮನೆ ಪತ್ರವನ್ನೂ ಕೇಳುತ್ತದೆ. ಹಾಗೆ ಕೊಟ್ಟವನಿಗೆ ಮನೆಯ ರಕ್ಷಣೆ ಕಾಗದದ ಮೇಲೆ ಮಾತ್ರ.

ಇನ್ನು ಬೆಲೆಯ ಮಿತಿ. 2019ರ ನಿಯಮಗಳ ಪ್ರಕಾರ ಉಳಿಸಿಕೊಳ್ಳಬಹುದಾದ ಮನೆಯ ಮೌಲ್ಯ ನಗರದಲ್ಲಿ 20 ಲಕ್ಷ, ಹಳ್ಳಿಯಲ್ಲಿ 10 ಲಕ್ಷ ರೂಪಾಯಿ ಮೀರಬಾರದು. ನಗರವೆಂದರೆ ಬೆಂಗಳೂರಿಗೂ ಗದಗಕ್ಕೂ ಒಂದೇ ಅಳತೆ. ಮನೆಯ ಬೆಲೆ 21 ಲಕ್ಷವಾದರೆ ಏನು ಗತಿ? ಮಾರಿ 20 ಲಕ್ಷವನ್ನು ಸಾಲಗಾರನಿಗೆ ಬಿಡಬೇಕೋ, ಮನೆ ಪೂರ್ತಿ ಹೋಯಿತೋ? ನಿಯಮ ಬಾಯಿ ಬಿಡುವುದಿಲ್ಲ, ಪದಶಃ ಓದಿದರೆ ಪೂರ್ತಿ ಹೋಗುತ್ತದೆ. ಒಡವೆಯ ಮಿತಿ 1 ಲಕ್ಷ. ನಿಯಮ ಬಂದ ವರ್ಷ ಆ ದುಡ್ಡಿಗೆ ಸುಮಾರು 25 ಗ್ರಾಂ ಚಿನ್ನ ಬರುತ್ತಿತ್ತು, ಅಂದರೆ ಒಂದು ಸಾಧಾರಣ ಮಾಂಗಲ್ಯ ಸರ. 2025ರಲ್ಲಿ ಚಿನ್ನ 10 ಗ್ರಾಮಿಗೆ 1 ಲಕ್ಷ ದಾಟಿದ ಮೇಲೆ ಅದೇ ಮಿತಿಯೊಳಗೆ 10 ಗ್ರಾಮೂ ಉಳಿಯದು. ಕಳಚಿಕೊಡಲಾಗದ ಒಡವೆ ಎಂದು ಕಾನೂನು ಒಂದು ಕಡೆ ಒಪ್ಪಿಕೊಂಡು, ಇನ್ನೊಂದು ಕಡೆ ಸರದ ಅರ್ಧವನ್ನು ಕಳಚಿಕೊಡು ಎನ್ನುತ್ತದೆ!

ಇದೇ ಕಾನೂನಿನ ನೆರಳಿನಲ್ಲಿ ಮುಂದಾಲೋಚನೆ ಇದ್ದವನು ನಿಶ್ಚಿಂತನಾಗಿರಬಲ್ಲ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಹೆಂಡತಿ ಮಕ್ಕಳ ಹಿತಕ್ಕಾಗಿ ಮಾಡಿಸಿದ ಜೀವ ವಿಮೆ ಟ್ರಸ್ಟ್ ಆಗುತ್ತದೆ. ವಂಚನೆಯ ಉದ್ದೇಶ ಸಾಬೀತಾಗದಿದ್ದರೆ ಗಂಡನಿಗೆ ಸಾಲ ಕೊಟ್ಟವರಿಗೆ ಅದು ಎಟುಕುವುದಿಲ್ಲ, ಮೊತ್ತಕ್ಕೂ ಮಿತಿಯಿಲ್ಲ. ಲೆಕ್ಕಪರಿಶೋಧಕನ ಸಲಹೆ ಸಿಗುವವನಿಗೆ ಇದು ಗೊತ್ತು. ಇದರಲ್ಲಿ ತಪ್ಪೇನೂ ಇಲ್ಲ, ಒಳ್ಳೆಯ ಕಾಯ್ದೆಯೇ. ಆದರೆ ಸುಖದ ದಿನಗಳಲ್ಲಿ ಏರ್ಪಾಡು ಮಾಡಿಕೊಂಡವನಿಗೆ ಮಿತಿಯಿಲ್ಲದ ರಕ್ಷಣೆ, ಕಷ್ಟ ಬಂದಾಗ ಸಾಲ ತೀರಿಸಲೆಂದೇ ಚಿನ್ನ ಒತ್ತೆಯಿಟ್ಟವನಿಗೆ ಶೂನ್ಯ ಎಂದರೆ ಕಾನೂನು ಪ್ರಾಮಾಣಿಕತೆಯ ಮೇಲೆ ದಂಡ ಹಾಕಿದಂತಾಯಿತು.

ಒತ್ತೆಯ ವಸ್ತುವನ್ನೂ ಕಾಪಾಡಿದರೆ ಒತ್ತೆಯ ಮೇಲೆ ಸಾಲ ಕೊಡುವವರಾರು ಎಂದು ಬ್ಯಾಂಕಿನವರು ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಕರ್ನಾಟಕದ 1976ರ ಋಣ ಪರಿಹಾರ ಕಾಯ್ದೆ ಬಡ ಸಾಲಗಾರರು ಗಿರವಿ ಇಟ್ಟ ಒಡವೆ, ಪಾತ್ರೆಗಳನ್ನು ಬಿಡಿಸಿಕೊಡುವ ದಾರಿ ಹಿಡಿದಿತ್ತು. ಆ ಹೊತ್ತಿನ ಬಡತನಕ್ಕೆ ಅದು ಬೇಕಿತ್ತೇನೋ, ಆದರೆ ಅಂಥದ್ದು ಪದೇ ಪದೇ ಆದರೆ ಗಿರವಿ ಅಂಗಡಿ ಬಾಗಿಲು ಹಾಕುತ್ತದೆ, ತುರ್ತಿಗೆ ಸಾಲ ಹುಟ್ಟುವುದಿಲ್ಲ. ನಾನು ಕೇಳುತ್ತಿರುವುದು ಅದನ್ನಲ್ಲ. ಮನೆಯ ಮೇಲೆ 30 ಲಕ್ಷ ಸಾಲವಿದೆ, ಹರಾಜಿನಲ್ಲಿ 45 ಲಕ್ಷ ಬಂತು ಎನ್ನಿ. ಬ್ಯಾಂಕು ತನ್ನ 30 ಲಕ್ಷವನ್ನು ತೆಗೆದುಕೊಳ್ಳಲಿ. ಉಳಿದ 15 ಲಕ್ಷ ಯಾರದು? ಮನೆಯ ಮೇಲೆ ಋಣಭಾರವಿದ್ದ ಕಾರಣಕ್ಕೆ ಅದು ಈಗ ಭದ್ರತೆಯಿಲ್ಲದ ಸಾಲಗಳಿಗೆ ಹಂಚಿಹೋಗುತ್ತದೆ. ರಕ್ಷಣೆಯನ್ನು ಮನೆಗೆ ಕಟ್ಟದೆ ಮನೆಯಲ್ಲಿ ಸಾಲಗಾರನಿಗೆ ಉಳಿದಿರುವ ಪಾಲಿಗೆ ಕಟ್ಟಿದರೆ ಆ ಹಣ ಅವನಿಗೆ ಇನ್ನೊಂದು ಸೂರಾಗುತ್ತದೆ, ಒತ್ತೆ ಹಿಡಿದವನಿಗೆ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಅಮೆರಿಕದ ದಿವಾಳಿ ಕಾನೂನು ಲೆಕ್ಕ ಹಾಕುವುದು ಹೀಗೆಯೇ. ಅಲ್ಲಿಯ ಅತಿರೇಕವೂ ನಮಗೆ ಪಾಠ. ಟೆಕ್ಸಾಸ್, ಫ್ಲೋರಿಡಾಗಳಲ್ಲಿ ವಾಸದ ಮನೆಗೆ ಬೆಲೆಯ ಮಿತಿಯೇ ಇಲ್ಲ. ಶ್ರೀಮಂತರು ಕೈಯಲ್ಲಿದ್ದ ಹಣವನ್ನೆಲ್ಲ ಬಂಗಲೆಗೆ ಸುರಿದು ಆಮೇಲೆ ಪಾಪರ್ ಆಗಬಹುದಿತ್ತು. 2005ರಲ್ಲಿ ಅಮೆರಿಕದ ಸಂಸತ್ತು ಅರ್ಜಿಗೆ ಮುಂಚಿನ 1,215 ದಿನಗಳೊಳಗೆ ಕೊಂಡ ಮನೆಗೆ ಮಿತಿ ಹೇರಿತು. ನಮ್ಮಲ್ಲೂ ಇಂಥ ಕಳ್ಳದಾರಿಗೆ ಬೀಗವಿದೆ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಕಡಿಮೆ ಬೆಲೆಗೆ ಆಸ್ತಿ ಪರಭಾರೆಯಾಗಿದ್ದರೆ ಅದನ್ನು ರದ್ದು ಮಾಡಿಸಲು ದಿವಾಳಿ ಸಂಹಿತೆಯ 164ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಹಾಗಿರುವಾಗ, ರಕ್ಷಣೆ ಹೆಚ್ಚಿಸಿದರೆ ಆಸ್ತಿಯನ್ನೆಲ್ಲ ಬಾವಮೈದುನನ ಹೆಸರಿಗೆ ಬರೆಯುವವರು ಹೆಚ್ಚುತ್ತಾರೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿಲ್ಲ.

ಇಷ್ಟೆಲ್ಲ ಚರ್ಚೆಯೂ ಜಾಮೀನುದಾರರ ಮಟ್ಟಿಗೆ ಮಾತ್ರ. ದಾವಣಗೆರೆಯ ಕಿರಾಣಿ ವ್ಯಾಪಾರಿ ಸ್ವಂತ ಹೆಸರಿನಲ್ಲಿ ಸಾಲ ಮಾಡಿ ಮುಳುಗಿದರೆ ಅವನು ಹೋಗಬೇಕಾದದ್ದು ಇಂದಿಗೂ 1920ರ ಕಾಯ್ದೆಯ ಬಳಿಗೆ. ಅರ್ಜಿ ಹಾಕಲು 500 ರೂಪಾಯಿ ಸಾಲವಿದ್ದರೆ ಸಾಕು ಎನ್ನುವ ಕಾಲದ ಕಾಯ್ದೆ ಅದು. ಅವನು ರೈತನಲ್ಲ, ಕೂಲಿಯವನಲ್ಲ, ಹಾಗಾಗಿ ಋಣವಿಲ್ಲದ ಮನೆಗೂ 60ನೇ ಸೆಕ್ಷನ್ನಿನ ಆಸರೆಯಿಲ್ಲ. ಅಂಗಡಿಯ ತಕ್ಕಡಿ ಕುಶಲಕರ್ಮಿಯ ಹತ್ಯಾರೇ ಎಂದು ವಕೀಲರು ವಾದಿಸುತ್ತ ಕೂರಬೇಕು. ಸಂಬಳದಾರನ ಪಾಡೂ ಬೇರೆಯಲ್ಲ: ಜಪ್ತಿಯಾಗದೆ ಉಳಿಯುವುದು ಮೊದಲ 1,000 ರೂಪಾಯಿ ಮತ್ತು ಮಿಕ್ಕಿದ್ದರ ಮೂರನೇ ಎರಡು ಪಾಲು, ಆ ಸಾವಿರ 2002ರಿಂದ ಅಲುಗಿಲ್ಲ. ಕಡುಬಡವರ ಸಾಲ ಮನ್ನಾ ಮಾಡಿ ಹೊಸ ಆರಂಭ ಕೊಡುವ ವಿಧಾನವೂ 2016ರ ಸಂಹಿತೆಯಲ್ಲಿದೆ. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದವರಿಗೆ, ಅದೂ ಸ್ವಂತ ಮನೆಯಿಲ್ಲದವರಿಗೆ. ಅದು ಜಾರಿಗೇ ಬಂದಿಲ್ಲ. ಬೆಲೆಯ ಮಿತಿಗಳು ನಿಯಮಗಳಲ್ಲಿರುವುದರಿಂದ ಕೇಂದ್ರ ಸರ್ಕಾರ ಒಂದು ಅಧಿಸೂಚನೆಯಲ್ಲಿ ಅವನ್ನು ತಿದ್ದಬಹುದು, ಊರಿಂದೂರಿಗೆ ಬೇರೆ ಮಾಡಬಹುದು, ಒಡವೆಯನ್ನು ರೂಪಾಯಿಯ ಬದಲು ಗ್ರಾಂ ಲೆಕ್ಕದಲ್ಲಿ ಹೇಳಬಹುದು. ಋಣಭಾರದ ಷರತ್ತು ಮಾತ್ರ ಸಂಹಿತೆಯೊಳಗೇ ಇದೆ, ಅದನ್ನು ತೆಗೆಯಲು ಸಂಸತ್ತೇ ಬೇಕು. ಸಂಹಿತೆಯ ಈ ಭಾಗವನ್ನು ಎಲ್ಲರಿಗೂ ಅನ್ವಯಿಸುವ ಮೊದಲು ಆ ತಿದ್ದುಪಡಿಯಾಗದಿದ್ದರೆ ದಾವಣಗೆರೆಯ ವ್ಯಾಪಾರಿಗೆ ಹಳೆಯ ಕಾಯ್ದೆಯಿಂದ ಬಿಡುಗಡೆ ಸಿಗುತ್ತದೆ, ಅಡವಿಟ್ಟ ಮನೆಯಲ್ಲಿನ ಅವನ ಪಾಲು ಸಿಗುವುದಿಲ್ಲ.