ಯೋಸೇಫನ ಕಥೆಯಲ್ಲಿ ಮಾತು ಮತ್ತು ಮೌನ

ಹೀಬ್ರೂ ಜನರ ಧರ್ಮಗ್ರಂಥದಲ್ಲಿ ಒಡೆದ ಮನೆಗಳ ಕಥೆಗಳು ಹಲವಿವೆ. ಕಾಯಿನನು ತಮ್ಮನನ್ನು ಕೊಂದನು. ಯಾಕೋಬನು ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ವಂಚನೆಯಿಂದ ಪಡೆದನು. ಅಬ್ಷಾಲೋಮನು ತಂದೆಯಾದ ದಾವೀದನ ಮೇಲೆಯೇ ದಂಗೆಯೆದ್ದನು. ಇವುಗಳಲ್ಲಿ ಕಥನದ ಬಿಗಿಯಿಂದಲೂ ಭಾವದ ಆಳದಿಂದಲೂ ಮೇಲಾದುದು, ಆದಿಕಾಂಡದ ೩೭ನೆಯ ಅಧ್ಯಾಯದಲ್ಲಿ ಮೊದಲಾಗಿ ೫೦ನೆಯದರಲ್ಲಿ ಮುಗಿಯುವ ಯೋಸೇಫನ ವೃತ್ತಾಂತವೆಂದು ನಮ್ಮ ಅಭಿಪ್ರಾಯ.

ಇದನ್ನು ದೈವಕೃಪೆಯ ಕಥೆಯೆಂದು ಓದುವುದು ವಾಡಿಕೆ. ಅಣ್ಣಂದಿರು ಮಾರಿದ ಹುಡುಗನು ಐಗುಪ್ತದೇಶದಲ್ಲಿ ಅಧಿಕಾರಕ್ಕೆ ಬಂದನು; ಕ್ಷಾಮದಲ್ಲಿ ಅವರನ್ನೇ ಕಾಪಾಡಿದನು; ಕೊನೆಗೆ ಎಲ್ಲವೂ ಒಳಿತಾಯಿತು. ಈ ಓದು ತಪ್ಪಲ್ಲ, ಆದರೆ ಅವಸರದ್ದು. ಮುರಿದ ಮನೆಯನ್ನು ಕಥಾಕಾರನು ಅಷ್ಟು ಸುಲಭವಾಗಿ ಕೂಡಿಸುವುದಿಲ್ಲ.

ನೆಂಟರಲ್ಲಿ ವೈಮನಸ್ಯವುಂಟಾದರೆ ‘ಅವರು ಮಾತು ಬಿಟ್ಟಿದ್ದಾರೆ’ ಎನ್ನುವುದು ನಮ್ಮಲ್ಲಿ ರೂಢಿ. ಈ ಕಥೆಯ ಮರ್ಮವೂ ಅದೇ ಆಗಿದೆ. ಅಣ್ಣಂದಿರ ದ್ವೇಷವನ್ನು ಹೇಳಿದೊಡನೆ ಕಥಾಕಾರನು, ತಮ್ಮನೊಡನೆ ಸೌಮ್ಯವಾಗಿ ಮಾತನಾಡುವ ಶಕ್ತಿಯನ್ನೇ ಅವರು ಕಳೆದುಕೊಂಡರೆಂದು ಸೇರಿಸುತ್ತಾನೆ. ಹದಿನೇಳು ವರ್ಷದ ಹುಡುಗನನ್ನು ಬತ್ತಿದ ಬಾವಿಗೆ ಕೆಡವಿ ಅವರು ಊಟಕ್ಕೆ ಕುಳಿತರು. ಅಲ್ಲಿ ಹುಡುಗನ ಬಾಯಿಂದ ಒಂದು ಶಬ್ದವೂ ನಮಗೆ ಕೇಳಿಬರುವುದಿಲ್ಲ. ಅವನು ಗೋಗರೆದನೆಂಬುದು ತಿಳಿಯುವುದು ೪೨ನೆಯ ಅಧ್ಯಾಯದಲ್ಲಿ, ಸುಮಾರು ೨೦ ವರ್ಷಗಳ ತರುವಾಯ, ಅಣ್ಣಂದಿರ ಬಾಯಿಂದಲೇ. ಧಾನ್ಯಕ್ಕಾಗಿ ಬಂದು ಅಧಿಕಾರಿಯ ಮುಂದೆ ನಿಂತವರು, ಅಂದು ಅವನ ಮೊರೆಯನ್ನು ಕೇಳದೆ ಹೋದೆವೆಂದು ತಮ್ಮತಮ್ಮಲ್ಲಿ ಪರಿತಪಿಸುತ್ತಾರೆ. ನಡುವೆ ದುಭಾಷಿಯಿರುವುದರಿಂದ ಈ ಅಧಿಕಾರಿಗೆ ತಮ್ಮ ಭಾಷೆ ತಿಳಿಯದೆಂದು ಅವರ ನಂಬಿಕೆ. ಯೋಸೇಫನು ಎಲ್ಲವನ್ನೂ ಕೇಳಿ, ಅತ್ತ ಸರಿದು ಅಳುತ್ತಾನೆ. ಆಡಿಸದೆ ಬಿಟ್ಟ ಮಾತನ್ನು ಇಷ್ಟು ತಡೆದು ಆಡಿಸಿರುವುದರಲ್ಲಿ ಎಂತಹ ಧ್ವನಿಯಿದೆಯೆಂಬುದನ್ನು ಸಹೃದಯರಿಗೆ ವಿವರಿಸಬೇಕಾದುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಮೂವತ್ತನೆಯ ವಯಸ್ಸಿಗೆ ರಾಜ್ಯಾಧಿಕಾರ ಪಡೆದವನು ಮುದಿತಂದೆಗೆ ಒಂದು ಸುದ್ದಿಯನ್ನಾದರೂ ಏಕೆ ಕಳುಹಲಿಲ್ಲ? ಕಥಾಕಾರನು ಕಾರಣ ಹೇಳುವುದಿಲ್ಲ. ಆದರೆ ಹಿರಿಯ ಮಗನಿಗೆ ಯೋಸೇಫನು ಮನಸ್ಸೆಯೆಂದು ಹೆಸರಿಟ್ಟನೆಂದೂ, ತಂದೆಯ ಮನೆಯನ್ನು ದೇವರು ತನಗೆ ಮರೆಯಿಸಿದನೆಂಬುದು ಅದರ ಭಾವವೆಂದೂ ತಿಳಿಸುತ್ತಾನೆ. ಮರೆತುದನ್ನು ಮಗನ ಹೆಸರಿನಲ್ಲಿ ದಿನವೂ ಕೂಗಿ ಕರೆಯುವವನು ನಿಜವಾಗಿ ಮರೆತಿರುವನೆ? ಉತ್ತರವನ್ನು ಓದುವವರಿಗೇ ಬಿಟ್ಟಿರುವುದು ದೋಷವಲ್ಲ, ಗುಣ.

ಇನ್ನು ದೈವಶ್ರದ್ಧೆಯ ವಿಷಯ. ಅಬ್ರಹಾಮನೊಡನೆ, ಯಾಕೋಬನೊಡನೆ ಮಾತನಾಡಿದ ದೇವರು ಯೋಸೇಫನೊಡನೆ ಒಮ್ಮೆಯೂ ಮಾತನಾಡುವುದಿಲ್ಲ. ಈ ಭಾಗದಲ್ಲಿ ದೇವವಾಣಿ ಕೇಳಿಸುವುದು ಒಂದೇ ಸಲ, ಬೇರ್ಷೆಬದಲ್ಲಿ, ಅದೂ ವೃದ್ಧನಾದ ಯಾಕೋಬನಿಗೆ. ಆದುದರಿಂದ ಯೋಸೇಫನ ಶ್ರದ್ಧೆ ಕೇಳಿ ನಂಬಿದುದಲ್ಲ. ಬಾವಿ, ದಾಸ್ಯ, ಸೆರೆಮನೆಗಳನ್ನು ದಾಟಿಬಂದ ತನ್ನ ಬಾಳನ್ನು ತಾನೇ ಹಿಂದಿರುಗಿ ನೋಡಿ ಪಡೆದುದು. ತಾನು ಯಾರೆಂದು ತಿಳಿಸುವಾಗ ಅವನು, ತನ್ನನ್ನು ಅಲ್ಲಿಗೆ ಕಳುಹಿಸಿದವನು ದೇವರೆಂದು ಮೂರು ಸಲ ಹೇಳುತ್ತಾನೆ. ಅಣ್ಣಂದಿರಿಗಾದರೋ ಮೊದಲು ಬಾಯಿಯೇ ಬರುವುದಿಲ್ಲ.

ಅದಕ್ಕೆ ಮುಂಚೆ ಯೆಹೂದನು ಆಡಿದ ಮಾತನ್ನು ಗಮನಿಸಬೇಕು. ತಮ್ಮನನ್ನು ಮಾರೋಣವೆಂದು ಹಿಂದೆ ಸೂಚಿಸಿದವನು ಇವನೇ. ಈಗ ಬೆನ್ಯಾಮೀನನಿಗೆ ಬದಲಾಗಿ ತಾನೇ ದಾಸನಾಗಿರುವೆನೆನ್ನುತ್ತಾನೆ. ತಂದೆಯ ಪಕ್ಷಪಾತವು ನೀಗಿಲ್ಲ, ಯೋಸೇಫನ ಮೇಲಿದ್ದುದು ಬೆನ್ಯಾಮೀನನ ಮೇಲೆ ತಿರುಗಿದೆ ಅಷ್ಟೆ. ಅದನ್ನು ಸಹಿಸಿ ತಂದೆಗಾಗಿ ಮರುಗುವ ಹೃದಯವು ಮಗನಿಗೆ ಬಂದಿದೆ.

ಸಾಮಾನ್ಯ ಕಥೆಗಾರನಾದರೆ ಇಲ್ಲಿಗೆ ಮಂಗಳ ಹಾಡುತ್ತಿದ್ದನು. ಈತನು ಮುಂದುವರಿಯುತ್ತಾನೆ. ಯಾಕೋಬನು ಐಗುಪ್ತದಲ್ಲಿ ೧೭ ವರ್ಷ ಬಾಳಿ ತೀರಿಕೊಂಡನು. ಅಷ್ಟು ಕಾಲ ತಮ್ಮನ ಅನ್ನವನ್ನುಂಡ ಅಣ್ಣಂದಿರು, ತಂದೆ ಇಲ್ಲವಾದೊಡನೆ ಅವನು ಸೇಡು ತೀರಿಸುವನೆಂದು ಹೆದರುತ್ತಾರೆ. ಕ್ಷಮಿಸಬೇಕೆಂದು ತಂದೆಯೇ ಅಪ್ಪಣೆ ಕೊಟ್ಟಿದ್ದನೆಂದು ಹೇಳಿಕಳುಹಿಸುತ್ತಾರೆ. ಅಂತಹ ಅಪ್ಪಣೆಯ ಸುಳಿವು ಹಿಂದೆಲ್ಲಿಯೂ ಇಲ್ಲ. ಯೋಸೇಫನು ಅತ್ತು, ತಾನೇನು ದೇವರ ಸ್ಥಾನದಲ್ಲಿರುವೆನೆ ಎಂದು ಕೇಳುತ್ತಾನೆ. ಇದೇ ಪ್ರಶ್ನೆಯನ್ನು ಯಾಕೋಬನು ಹಿಂದೊಮ್ಮೆ, ಮಕ್ಕಳಿಲ್ಲದ ರಾಹೇಲಳ ಮೇಲೆ ಸಿಟ್ಟಾಗಿ ಕೇಳಿದ್ದನು. ತಂದೆಯ ಬಾಯಲ್ಲಿ ನೋಯಿಸಿದ ಮಾತು ಮಗನ ಬಾಯಲ್ಲಿ ಸಾಂತ್ವನವಾಗಿದೆ.

ಅಣ್ಣಂದಿರ ಭಯವು ಪೂರ್ತಿಯಾಗಿ ಹೋಯಿತೆಂದು ಗ್ರಂಥವು ಹೇಳುವುದಿಲ್ಲ. ಯೋಸೇಫನು ಅವರ ಹೃದಯಕ್ಕೆ ಮುಟ್ಟುವಂತೆ ಮಾತನಾಡಿದನೆಂದಷ್ಟೇ ಹೇಳುತ್ತದೆ. ದೇವರಲ್ಲಿಟ್ಟ ನಂಬಿಕೆಯು ಎದುರಿನವರ ನಂಬಿಕೆಯನ್ನು ಗಳಿಸಿಕೊಡಲಾರದು. ನ್ಯಾಯಾಧಿಪತಿಯ ಪೀಠದಿಂದ ತಾನು ಇಳಿದು, ಬಿಟ್ಟ ಮಾತನ್ನು ತಾನಾಗಿ ಮೊದಲಾಡುವ ಬಲವನ್ನು ಮಾತ್ರ ಕೊಡಬಲ್ಲುದು. ಈ ಸತ್ಯವನ್ನು ಉಪದೇಶವಿಲ್ಲದೆ ತೋರಿಸಿರುವುದರಿಂದಲೇ ಈ ಪ್ರಾಚೀನ ಕಥೆಯು ಯಾವ ಮತದ ಮನೆಯವರೂ ಓದತಕ್ಕುದಾಗಿದೆ. ಓದುವವರು ೪೫ನೆಯ ಅಧ್ಯಾಯಕ್ಕೆ ನಿಲ್ಲಿಸದೆ, ೫೦ನೆಯದರ ವರೆಗೂ ಓದಬೇಕೆಂಬುದೇ ನಮ್ಮ ಬಿನ್ನಹ.